ಒಂದು ಗಂಟೆ ಎಂದು ಬರೆದ ಕಾಲಂ

ಮೇಘನಾ, ತೇಜು, ಇದು ನಿಮ್ಮಿಬ್ಬರಿಗೂ. ಹೋದ ಭಾನುವಾರ ಊಟಕ್ಕೆ ಕೂತಿದ್ದಾಗ ಮೇಘನಾ, ನೀನೊಂದು ಮಾತು ಹೇಳಿದೆ. "ಲ್ಯಾಬಲ್ಲಿ ರೀಡಿಂಗ್ ಸರಿಯಾಗಿ ಬರ್ಲಿಲ್ಲ ಅಂದ್ರೆ ಆನ್ಸರಿಂದ ಹಿಂದಕ್ಕೆ ಬರ್ಕೊಂಡ್ ಬಂದ್ಬಿಡೋದು ಅಜ್ಜಿ, ಎಲ್ರೂ ಹಂಗೇ ಮಾಡೋದು." ತೇಜು, ನೀನು "ಸೂಪರ್ ಕಣೇ" ಎಂದು ನಕ್ಕೆ. ನಾನೂ ನಕ್ಕು ನಿಮ್ಮ ತಟ್ಟೆಗೆ ಸಾರು ಬಡಿಸಿದೆ. ಹೇಳಬೇಕೆಂದುಕೊಂಡದ್ದನ್ನು ಹೇಳದೆ ಊಟ ಮುಗಿಸಿದೆ. ಎದುರಿಗೆ ಕೂತವರು ಮೊಮ್ಮಕ್ಕಳೇ ಆದರೂ ಬಾಯಿಬಿಟ್ಟು ಹೇಳುವುದು ನನಗೆ ಕಷ್ಟ. ಬರೆಯುವುದು ಅಷ್ಟು ಕಷ್ಟವಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ನಾನು ಕೆಲಸ ಮಾಡಿದ್ದು ಸೋಲದೇವನಹಳ್ಳಿ ಕಡೆಯ ಒಂದು ಎಂಜಿನಿಯರಿಂಗ್ ಕಾಲೇಜಿನ ಎಲೆಕ್ಟ್ರಿಕಲ್ ಲ್ಯಾಬಿನಲ್ಲಿ ಎಂಬುದು ನಿಮಗೆ ಗೊತ್ತು. ನಿಮ್ಮ ತಾತ ಅಲ್ಲಿ ಮೆಕ್ಯಾನಿಕ್ ಆಗಿದ್ದರು. ಅವರು ತೀರಿಕೊಂಡಾಗ ನಿಮ್ಮಮ್ಮ ಹೈಸ್ಕೂಲಿನಲ್ಲಿದ್ದಳು. ಕಾಲೇಜಿನವರು ಅದೇ ಲ್ಯಾಬಿನಲ್ಲಿ ನನಗೆ ಅಟೆಂಡರ್ ಕೆಲಸ ಕೊಟ್ಟರು. ನಾನು ಯಲಹಂಕದಾಚೆಯ ನಮ್ಮ ಹಳ್ಳಿಯ ಶಾಲೆಯಲ್ಲಿ ಹತ್ತನೆಯವರೆಗೆ ಓದಿದವಳು. ಕೆಪಾಸಿಟರ್ ಎನ್ನುವ ಪದವನ್ನೇ ಕೇಳಿರಲಿಲ್ಲ. ನನಗೆ ಗೊತ್ತಿದ್ದದ್ದು ಫ್ಯಾನು ನಿಧಾನವಾದರೆ ಬದಲಾಯಿಸುವ ಕಂಡೆನ್ಸರ್. ಎರಡೂ ಒಂದೇ ಎಂದು ತಿಳಿಯಲು ಒಂದು ತಿಂಗಳು ಹಿಡಿಯಿತು, ಯಾಕೆಂದರೆ ಯಾರನ್ನೂ ಕೇಳಲಿಲ್ಲ.

ಕೆಲಸ ಕಲಿಸಿದವರು ಇನ್‌ಸ್ಟ್ರಕ್ಟರ್ ರಂಗಸ್ವಾಮಿ. ಒಳ್ಳೆಯ ಮನುಷ್ಯ, ಆದರೆ ಅವರ ಬಾಯಿಗೆ ಸಿಕ್ಕಿದವರು ಸುಮ್ಮನೆ ಪಾರಾಗುತ್ತಿರಲಿಲ್ಲ. ಸೀರೆ ಸೆರಗು ಮೋಟರಿನ ಶಾಫ್ಟಿಗೆ ಸಿಗದಂತೆ ಸಿಕ್ಕಿಸುವುದು, ವೈರನ್ನು ಮುಟ್ಟುವ ಮೊದಲು ಕೈ ಒರೆಸಿಕೊಂಡು ಟೆಸ್ಟರ್ ಹಿಡಿದು ನೋಡುವುದು, ಹುಡುಗರು ಸುಟ್ಟ ಫ್ಯೂಸನ್ನು ಸದ್ದಿಲ್ಲದೆ ಬದಲಾಯಿಸುವುದು, ಎಲ್ಲ ಅವರಿಂದಲೇ ಬಂತು. ಇನ್ನೊಂದು ಅಭ್ಯಾಸವೂ ಅವರಿಂದಲೇ ಬಂತು. ಬೆಳಿಗ್ಗೆ ಪುಸ್ತಕ ತೆಗೆದು ಗೆರೆ ಎಳೆದ ಕೂಡಲೇ ದಿನವೂ ಬದಲಾಗದ ಕಾಲಂಗಳನ್ನು ಅವರು ಮೇಲಿಂದ ಕೆಳಗಿನವರೆಗೆ ತುಂಬಿಬಿಡುತ್ತಿದ್ದರು. "ಬದಲಾಗದೇ ಇರೋದನ್ನ ಮೊದ್ಲೇ ಬರ್ದು ಬಿಸಾಕಮ್ಮ ಜಯಮ್ಮ. ಆಮೇಲೆ ಮೀಟ್ರು ನೋಡ್ಲಾ, ಬರೀಲಾ ಅಂತ ಒದ್ದಾಡ್ಬಾರ್ದು." ನನ್ನ ಅಕ್ಷರ ದುಂಡಗಿತ್ತು. ತುಂಬಿದ ಕಾಲಂ ನೋಡಲು ಚೆನ್ನಾಗಿ ಕಾಣುತ್ತಿತ್ತು. ಆ ಅಭ್ಯಾಸ ನನಗೂ ಹಿಡಿಯಿತು.

ಹತ್ತು ವರ್ಷದ ಮೇಲೆ ನಾನು ಲ್ಯಾಬ್ ಅಸಿಸ್ಟೆಂಟ್ ಆದೆ. ಅದೇ ಹೊತ್ತಿಗೆ ಗದಗ ಕಡೆಯಿಂದ ಸವಿತಾ ಮೇಡಂ ಪಾಠ ಮಾಡಲು ಬಂದರು. ಪಾಠದ ಜೊತೆಗೆ ಪಿಎಚ್.ಡಿ.ಯನ್ನೂ ಮಾಡುತ್ತಿದ್ದರು. ಎರಡು ವರ್ಷದ ಮಗಳನ್ನು ಊರಿನಲ್ಲಿ ತಾಯಿಯ ಹತ್ತಿರ ಬಿಟ್ಟು, ಬಾಗಲಗುಂಟೆಯಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಒಂದು ಕೋಣೆ ಮಾಡಿಕೊಂಡಿದ್ದರು. ತಿಂಗಳಿಗೊಮ್ಮೆ ಯಶವಂತಪುರದಿಂದ ರೈಲು ಹತ್ತಿ ಹೋಗಿ ಮಗಳನ್ನು ನೋಡಿ ಬರುತ್ತಿದ್ದರು. ಮೊದಲ ದಿನವೇ ನನ್ನ ಮೇಜಿನ ಮೇಲೆ ಟಾರ್ಚಿನ ಸೆಲ್ಲಿಗಿಂತ ದಪ್ಪನೆಯ ಬೆಳ್ಳಿ ಬಣ್ಣದ ಡಬ್ಬಿಯೊಂದನ್ನು ಇಟ್ಟರು.

"ಇದು ಸೂಪರ್ ಕೆಪಾಸಿಟರ್ ರೀ ಜಯಮ್ಮಾರ. ಬ್ಯಾಟರಿ ಗಂಟೆಗಟ್ಟಲೆ ತಿಂದಿದ್ದನ್ನ ಇದು ಗಬಗಬ ನುಂಗ್ತದ, ಹಂಗೇ ಗಬಕ್ಕನ ಉಗುಳ್ತದ. ಕರೆಂಟ್ ಹೋದಾಗ ಲಿಫ್ಟ್ ಅರ್ಧಕ್ಕ ನಿಲ್ತದಲ್ಲ, ಒಳಗಿನ ಮಂದೀನ ಮುಂದಿನ ಮಹಡಿಗೆ ಮುಟ್ಟಸಾಕ ಇಂಥವು ಬೇಕು. ಆದ್ರ ಎಷ್ಟು ಹೊತ್ತು ಕೈ ಹಿಡೀತದ ಅಂತ ಮೊದ್ಲ ಲೆಕ್ಕ ಹಾಕಾಕ ಬರಬೇಕಲ್ಲ?"

ಆ ಲೆಕ್ಕಕ್ಕೇ ಮಾಡೆಲ್ ಎನ್ನುತ್ತಾರೆ. ಡಬ್ಬಿಯೊಳಗೆ ನಿಜವಾಗಿ ಏನಾಗುತ್ತದೆ ಎಂದು ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಕಾಗದದ ಮೇಲೆ ಕೆಲವು ರೆಸಿಸ್ಟರ್, ಕೆಲವು ಸಾದಾ ಕೆಪಾಸಿಟರ್ ಜೋಡಿಸಿ, ಆ ಡಬ್ಬಿಯ ಹಾಗೆಯೇ ನಡೆದುಕೊಳ್ಳುವ ಒಂದು ಚಿತ್ರ ಮಾಡುತ್ತಾರೆ. ಕಂಪ್ಯೂಟರ್ ಆ ಚಿತ್ರದಿಂದ ಒಂದು ಗೆರೆ ಎಳೆಯುತ್ತದೆ. ನಾನು ಲ್ಯಾಬಿನಲ್ಲಿ ನಿಜವಾದ ಡಬ್ಬಿಯನ್ನು ಅಳೆದು ಚುಕ್ಕಿಗಳನ್ನು ಕೊಡುತ್ತೇನೆ. ಗೆರೆ ಚುಕ್ಕಿಗಳ ಮೇಲೆ ಹಾದುಹೋದರೆ ಮಾಡೆಲ್ ಸರಿ, ಇಲ್ಲದಿದ್ದರೆ ಇಲ್ಲ. ಗೆರೆ ಅವರದು, ಚುಕ್ಕಿ ನನ್ನದು. ಮೂರು ವರ್ಷ ನಾವು ಮಾಡಿದ್ದು ಇಷ್ಟೇ.

ಶುರುವಿನಲ್ಲೇ ನಾನೊಂದು ಪೆದ್ದು ಕೆಲಸ ಮಾಡಿದೆ. ಡಬ್ಬಿಯನ್ನು ಪೂರ್ತಿ ಖಾಲಿ ಮಾಡಿ, ಎರಡು ಕಾಲಿಗೂ ವೈರ್ ಸೇರಿಸಿ, ಮೀಟರ್ ಸೊನ್ನೆ ತೋರಿಸಿದ ಮೇಲೆ ವೈರ್ ಬಿಚ್ಚಿಟ್ಟು ಊಟಕ್ಕೆ ಹೋದೆ. ಬಂದು ನೋಡಿದರೆ ಮೀಟರಿನಲ್ಲಿ ವೋಲ್ಟೇಜ್ ಇದೆ! ಯಾರೂ ಮುಟ್ಟದೆ ಎಲ್ಲಿಂದ ಬಂತು? ಇದು ರಂಗಸ್ವಾಮಿಯವರ ಕಿತಾಪತಿಯೇ ಎಂದುಕೊಂಡು, ಧೈರ್ಯ ಮಾಡಿ ಹೋಗಿ ಕೇಳಿದೆ.

"ಸಾರ್, ಇದ್ನ ನೀವೇನಾದ್ರೂ ಚಾರ್ಜ್‌ಗೆ ಆಕಿದ್ರಾ?"

"ನಾನ್ಯಾಕಮ್ಮ ಆಕ್ಲಿ? ಆ ಹುಣಸೇಮರದ್ದು ಇಳ್ದು ಬಂದು ಆಕಿರ್ಬೇಕು. ಹೋಗಿ ಅದನ್ನೇ ಕೇಳು."

ನಾನು ಮತ್ತೆ ವೈರ್ ಸೇರಿಸಿ, ಸೊನ್ನೆಗೆ ತಂದು, ಸೊನ್ನೆ ಎಂದೇ ಬರೆದೆ. ಸಂಜೆ ಬಸ್ಸಿನಲ್ಲಿ ಪಕ್ಕದಲ್ಲಿ ನಿಂತಿದ್ದ ಸವಿತಾ ಮೇಡಂಗೆ ಹೆದರುತ್ತಲೇ ಹೇಳಿದೆ. ಅವರು ಬೈಯಲಿಲ್ಲ. "ಹುಣಸೀಮರದ ದೆವ್ವ ಅಲ್ರೀ ಅದು. ಈ ಬಸ್ ನೋಡ್ರಿ" ಎಂದರು. ಎಂಟನೇ ಮೈಲಿ ಸ್ಟಾಪಿನ ಕಡೆ ಹೋಗುವ ಆ ಬಸ್ಸಿನ ಬಾಗಿಲಲ್ಲಿ ಜನ ಜೋತುಬಿದ್ದಿದ್ದರು. ಕಂಡಕ್ಟರು "ಒಳಗ್ ಹೋಗ್ರೀ, ಒಳಗೆ ಖಾಲಿ ಐತೆ" ಎಂದು ಕೂಗುತ್ತಿದ್ದರು.

"ಮಂದಿ ಹತ್ತಿದ ಕೂಡ್ಲೆ ಬಾಗಲ್ದಾಗ ಗದ್ದಲ. ಆಮ್ಯಾಲ ಸಾವಕಾಶ ಒಳಗ ಸರೀತಾರ, ಬಾಗಲ ಹಗುರಾಗ್ತದ. ಮೀಟರಿಗೆ ಕಾಣೋದು ಬಾಗಲ ಅಷ್ಟ. ನೀವು ಬಾಗಲದಾಗಿನವ್ರನ್ನ ಇಳಿಸಿ ಬಸ್ ಖಾಲಿ ಅಂತ ಬರದ್ರಿ. ಒಳಗಿದ್ದವ್ರು ಆಮ್ಯಾಲ ಬಾಗಲಕ್ಕ ಬಂದ್ರು. ಆತಲ್ಲ?"

ಅಷ್ಟು ಚೆನ್ನಾಗಿ ಯಾವ ಮೇಷ್ಟ್ರೂ ನನಗೆ ಏನನ್ನೂ ಹೇಳಿಕೊಟ್ಟಿರಲಿಲ್ಲ. ಡಬ್ಬಿಯೊಳಗಿನ ಇದ್ದಿಲಿನಲ್ಲಿ ಸಣ್ಣಸಣ್ಣ ತೂತುಗಳಿರುತ್ತವಂತೆ. ಹೊರಗಿನ ತೂತುಗಳು ಬೇಗ ತುಂಬುತ್ತವೆ, ಒಳಗಿನವು ನಿಧಾನವಾಗಿ. ಮೇಡಂ ಚಿತ್ರದ ಕವಲೊಡೆದ ವೈರುಗಳಲ್ಲಿ ಬೇಗ ತುಂಬುವ ಕೊಂಬೆ ಒಂದು, ನಿಧಾನವಾಗಿ ತುಂಬುವ ಕೊಂಬೆ ಇನ್ನೊಂದು, ಸುಮ್ಮನೆ ಸೋರಿಹೋಗುವುದಕ್ಕೆ ಮತ್ತೊಂದು ಇತ್ತು. ಅದನ್ನು ನೋಡಿದಾಗಲೆಲ್ಲ ನನಗೆ ಕಂಡಕ್ಟರ ಕೂಗು ಕೇಳಿಸುತ್ತಿತ್ತು.

ನಮ್ಮ ಕ್ರಮ ಹೀಗಿತ್ತು. ಬೆಳಿಗ್ಗೆ ಡಬ್ಬಿಯನ್ನು ಚಾರ್ಜಿಗೆ ಹಾಕುವುದು. ಮಧ್ಯಾಹ್ನ ಒಂದು ಗಂಟೆಗೆ ವೈರ್ ಬಿಚ್ಚಿ ಸುಮ್ಮನೆ ಬಿಡುವುದು, ಅದಕ್ಕೆ ವಿಶ್ರಾಂತಿ ಎಂದು ಹೆಸರು. ಎರಡು ಗಂಟೆಗೆ ಬಂದು ಒಂದು ಸಲ ವೋಲ್ಟೇಜ್ ಬರೆದುಕೊಂಡು, ಖಾಲಿ ಮಾಡಲು ಹಚ್ಚಿ, ಹತ್ತು ಸೆಕೆಂಡಿಗೊಮ್ಮೆ ಮೀಟರ್ ನೋಡಿ ಬರೆಯುವುದು. ಊಟದ ನಂತರ ಮೇಡಂಗೆ ಕ್ಲಾಸ್ ಇರುತ್ತಿತ್ತು. ಮೂರು ಗಂಟೆಗೆ ಅವರು ಬರುವಷ್ಟರಲ್ಲಿ ನನ್ನ ಪುಟ ಸಿದ್ಧವಾಗಿರಬೇಕು. ವಿಶ್ರಾಂತಿಯ ಕಾಲಂನಲ್ಲಿ ನಾನು ಬೆಳಿಗ್ಗೆಯೇ "ಒಂದು ಗಂಟೆ, ಒಂದು ಗಂಟೆ" ಎಂದು ತುಂಬಿಡುತ್ತಿದ್ದೆ. ಬದಲಾಗದ ಕಾಲಂ ಅಲ್ಲವೇ?

ಒಂದೂವರೆ ವರ್ಷ ಚೆನ್ನಾಗಿ ನಡೆಯಿತು ಎಂದುಕೊಂಡಿದ್ದೆವು. ಆದರೆ ಎಲ್ಲ ಪುಟಗಳನ್ನೂ ಕಂಪ್ಯೂಟರಿಗೆ ಹಾಕಿದಾಗ ಕೆಲವು ದಿನಗಳ ಚುಕ್ಕಿಗಳು ಗೆರೆಯ ಮೇಲೆ ಕೂರಲೇ ಇಲ್ಲ. ಯಾವಾಗಲೂ ಸ್ವಲ್ಪ ಮೇಲೇ. ಉಳಿದ ದಿನಗಳಲ್ಲಿ ಸರಿಯಾಗಿದ್ದ ಗೆರೆ ಆ ದಿನಗಳಲ್ಲಿ ಮಾತ್ರ ತಪ್ಪುತ್ತಿತ್ತು. ಮೇಡಂ ಮೊದಲು ಸೆಕೆಯನ್ನು ಅನುಮಾನಿಸಿದರು. ಆಮೇಲೆ ಕರೆಂಟಿನ ಏರುಪೇರು ಎಂದರು. ಡಬ್ಬಿಯನ್ನೇ ಬದಲಾಯಿಸಿ ಹೊಸದು ತರಿಸಿದರು. ಮೀಟರ್ ಬದಲಾಯಿಸಿದವಳು ನಾನೇ. ವೈರಿನ ತುದಿಗಳನ್ನೆಲ್ಲ ಉಪ್ಪುಕಾಗದದಲ್ಲಿ ಉಜ್ಜಿ ಹೊಳೆಯುವ ಹಾಗೆ ಮಾಡಿದವಳೂ ನಾನೇ. ಕಳ್ಳನನ್ನು ಹುಡುಕಲು ಎಲ್ಲರಿಗಿಂತ ಮುಂದೆ ಓಡಿದೆ.

ನಮ್ಮ ವಿಭಾಗದ ಮುಖ್ಯಸ್ಥರು, ಎಚ್.ಓ.ಡಿ. ಸಾರ್ ಅವರೇ ಮೇಡಂ ಪಿಎಚ್.ಡಿ.ಗೆ ಗೈಡ್. ಒಂದು ಸಂಜೆ ಲ್ಯಾಬಿಗೆ ಬಂದು ಪುಟಗಳನ್ನು ಮಗುಚಿ ನೋಡಿದರು. "ಒಂದಷ್ಟು ದಿನದ್ದು ತಾನೇ? ತೆಗೆದ್ಬಿಡಿ. ಯಾರೂ ಕೇಳಲ್ಲ."

"ಯಾಕ ಹಿಂಗ ಬಂತಂತ ಗೊತ್ತಾಗದ ಹೆಂಗ ತೆಗೀಲಿ ಸರ್?"

"ಹಾಗಾದ್ರೆ ಮಾಡೆಲ್ಲೇ ತಪ್ಪು ಅಂತ ಒಪ್ಕೊಳ್ಳಿ. ಮೊದಲಿಂದ ಶುರು ಮಾಡಿ. ಮುಂದಿನ ತಿಂಗಳು ಪಿಎಚ್.ಡಿ. ಕಮಿಟಿ ಮುಂದೆ ನಿಂತಾಗ ಎರಡರಲ್ಲಿ ಒಂದು ಹೇಳ್ಬೇಕಾಗುತ್ತೆ."

ಅವರು ಹೋದ ಮೇಲೆ ಮೇಡಂ ಪುಟಗಳನ್ನೆಲ್ಲ ಒಟ್ಟುಮಾಡಿ ಇಟ್ಟರು. ಆಮೇಲೆ ನನ್ನ ಕಡೆ ನೋಡದೆ ಹೇಳಿದರು. "ಮೊದಲಿಂದ ಶುರು ಮಾಡೋವಷ್ಟು ಶಕ್ತಿ ಇಲ್ರೀ ನನಗ. ಹೋದ ಸಲ ಊರಿಗೆ ಹೋದಾಗ ಮಗಳು ನನ್ನ ನೋಡಿ ಅಜ್ಜಿ ಹಿಂದ ಅಡಗಿಕೊಂಡ್ಳು. ಈ ಸಲ ಆಗಲಿಲ್ಲಂದ್ರ ಎಲ್ಲಾ ಬಿಟ್ಟು ಹೋಗಿಬಿಡ್ತೀನಿ." ಹಾಗೆಂದವರೇ ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋಗಿ, ಕೆಟ್ಟ ದಿನಗಳಿಗೆಲ್ಲ ಕೆಂಪು ಪೆನ್ನಿನಲ್ಲಿ ಸುತ್ತು ಹಾಕತೊಡಗಿದರು.

ಮರುದಿನ ಬೆಳಿಗ್ಗೆ ಧೂಳು ಒರೆಸುವಾಗ ಆ ಕ್ಯಾಲೆಂಡರನ್ನು ನೋಡಿದೆ. ಒಂದು ಸುತ್ತು ಮಂಗಳವಾರ, ಇನ್ನೊಂದು ಬುಧವಾರ. ಮೇಡಂಗೆ ವಾರದ ಹೆಸರು ಕಂಡಿತ್ತು. ನನಗೆ ಕಂಡದ್ದು ಅದರ ಕೆಳಗೆ ಸಣ್ಣಕ್ಷರದಲ್ಲಿ ಅಚ್ಚಾಗಿದ್ದ ತಿಥಿ. ಪುಟ ಮಗುಚಿದೆ. ಹಿಂದಿನ ತಿಂಗಳು, ಅದರ ಹಿಂದಿನದು. ಪ್ರತಿ ಕೆಂಪು ಸುತ್ತಿನೊಳಗೂ ಏಕಾದಶಿ ಕೂತಿತ್ತು.

ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿತ್ತು.

ನಮ್ಮತ್ತೆ ಏಕಾದಶಿ ಉಪವಾಸ ಮಾಡುತ್ತಿದ್ದರು. ನಿಮ್ಮ ತಾತ ತೀರಿಕೊಂಡ ವರ್ಷ ನಾನೂ ಹಿಡಿದೆ. ಕಾಲೇಜಿನಲ್ಲಿ ಮೊದಲ ಏಕಾದಶಿಯ ದಿನ ಊಟದ ಕೋಣೆಯಲ್ಲಿ ಬುತ್ತಿ ಬಿಚ್ಚದೆ ಕೂತಿದ್ದಕ್ಕೆ ರಂಗಸ್ವಾಮಿ ಎಲ್ಲರ ಮುಂದೆ, "ಏನಮ್ಮ, ವೈಕುಂಠಕ್ಕೆ ಈಗ್ಲೇ ಸೀಟ್ ಬುಕ್ ಮಾಡಿಸ್ತಿದೀಯಾ? ನಮಗೂ ಒಂದು ಕರ್ಚೀಫ್ ಆಕಿರು" ಎಂದರು. ಎಲ್ಲರೂ ನಕ್ಕರು. ಅದು ತಮಾಷೆ ಎಂದು ನನಗೂ ಗೊತ್ತಿತ್ತು. ಆದರೂ ಅಂದಿನಿಂದ ಏಕಾದಶಿಯ ದಿನ ಊಟಕ್ಕೆ ಹೋದವಳ ಹಾಗೆ ಹೊರಟು, ವರ್ಕ್‌ಶಾಪ್ ಹಿಂದಿನ ಹೊಂಗೆಮರದ ಕೆಳಗೆ ಎರಡು ಬಾಳೆಹಣ್ಣು ತಿಂದು, ನೀರು ಕುಡಿದು, ಇಪ್ಪತ್ತು ನಿಮಿಷದಲ್ಲಿ ಲ್ಯಾಬಿಗೆ ವಾಪಸು ಬಂದುಬಿಡುತ್ತಿದ್ದೆ. ಅಲ್ಲಿ ಸುಮ್ಮನೆ ಯಾಕೆ ಕೂರುವುದು? ಡಬ್ಬಿಯನ್ನು ಖಾಲಿ ಮಾಡಲು ಹಚ್ಚಿಬಿಡುತ್ತಿದ್ದೆ. ಚುರುಕಾಗಿ ಕೆಲಸ ಮಾಡುತ್ತಿದ್ದೇನೆ ಎಂದೇ ನನ್ನ ಎಣಿಕೆ. ಪುಸ್ತಕದ ಕಾಲಂನಲ್ಲಿ ಮಾತ್ರ ಬೆಳಿಗ್ಗೆ ಬರೆದಿಟ್ಟ "ಒಂದು ಗಂಟೆ" ಹಾಗೆಯೇ ಇರುತ್ತಿತ್ತು.

ಬಾಗಿಲಿನ ಜನ ಒಳಗೆ ಸರಿಯುವ ಮೊದಲೇ ನಾನು ಬಂದು ಎಣಿಸುತ್ತಿದ್ದೆ. ಚುಕ್ಕಿಗಳು ಮೇಲೆ ಕೂತದ್ದು ಅದಕ್ಕೇ.

ಮೂರು ದಿನ ಯಾರಿಗೂ ಹೇಳಲಿಲ್ಲ. ಮೇಘನಾ, ಇದನ್ನು ನೀನು ಸರಿಯಾಗಿ ಓದಬೇಕು. ಸುಮ್ಮನಿದ್ದರೆ ಮೇಡಂ ತಮ್ಮ ಮಾಡೆಲ್ ತಪ್ಪೆಂದು ತಿಳಿದು ಊರಿಗೆ ಹೋಗುತ್ತಿದ್ದರು. ಹೇಳಿದರೆ ಒಂದೂವರೆ ವರ್ಷದ ಪುಸ್ತಕವನ್ನು ಯಾರು ನಂಬುತ್ತಾರೆ? ಸುಳ್ಳು ಬರೆದವಳನ್ನು ಕೆಲಸದಲ್ಲಿ ಯಾರು ಇಟ್ಟುಕೊಳ್ಳುತ್ತಾರೆ? ನಿಮ್ಮ ತಾತನ ಹೆಸರಿನ ಮೇಲೆ ಸಿಕ್ಕ ಕೆಲಸ ಅದು. ಮೂರು ದಿನವೂ ಬುತ್ತಿಯನ್ನು ಬಿಚ್ಚದೆ ಮನೆಗೆ ವಾಪಸು ತಂದೆ. ಏಕಾದಶಿ ಇಲ್ಲದೆಯೂ ಉಪವಾಸವೇ ಆಯಿತು.

ನಾಲ್ಕನೆಯ ದಿನ ಸಂಜೆ ಅದೇ ಬಸ್ಸು, ಅದೇ ನೂಕುನುಗ್ಗಲು. ಮೇಡಂ ಕಂಬಿ ಹಿಡಿದು ಕಿಟಕಿಯಾಚೆ ನೋಡುತ್ತಿದ್ದರು. ನಾನೂ ಅದೇ ಕಂಬಿ ಹಿಡಿದಿದ್ದೆ. ಅವರು ನನ್ನ ಮುಖ ನೋಡುತ್ತಿಲ್ಲ ಎನ್ನುವುದೇ ಧೈರ್ಯ ಕೊಟ್ಟಿತು.

"ಮೇಡಂ, ಆ ಕೆಂಪು ಸುತ್ತೆಲ್ಲಾ ಏಕಾದಶಿ."

"ಏನಂದ್ರಿ?"

"ಅವತ್ತು ನಾನು ಊಟ ಮಾಡಾಕಿಲ್ಲ. ಬೇಗ ಬಂದ್‌ಬುಡ್ತೀನಿ. ಬರೆಯೋದು ಮಾತ್ರ ಒಂದು ಗಂಟೆ ಅಂತ. ತಪ್ಪಾಯ್ತು. ನಿಮ್ಮ ಮಾಡೆಲ್ ಸರಿಯಾಗೈತೆ. ನಾನೇ ಇಂಗೆ ಮಾಡಿದ್ದು."

ಅವರು ತಿರುಗಿ ನನ್ನನ್ನೇ ನೋಡಿದರು. ಬೈಗುಳಕ್ಕೆ ಕಾದು ತಲೆ ತಗ್ಗಿಸಿದೆ. "ಏಕಾದಶೀನಾ!" ಎಂದು ಅವರು ಕೂಗಿದ ರಭಸಕ್ಕೆ ಅರ್ಧ ಬಸ್ಸು ಹಿಂದಿರುಗಿ ನೋಡಿತು. ಆಮೇಲೆ ನಗತೊಡಗಿದರು. ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ಕಂಡಕ್ಟರು ಗಾಬರಿಯಾಗಿ, "ಯಾಕ್ ಮೇಡಂ, ಸ್ಟಾಪ್ ಬಿಟ್ಟೋಯ್ತಾ?" ಎಂದು ಕೇಳಿದರು.

"ಇಲ್ಲಣ್ಣಾ, ಸಿಕ್ತು!"

ನಾನು ಅಲ್ಲಿಯೇ ಅತ್ತುಬಿಟ್ಟೆ. ಅವರು ನನ್ನ ಬೆನ್ನ ಮೇಲೆ ಕೈಯಿಟ್ಟು, "ಮೂರು ದಿನದಿಂದ ಇದನ್ನ ಹೊಟ್ಟ್ಯಾಗ ಇಟ್ಕೊಂಡು ತಿರಗೀರೇನ್ರೀ?" ಎಂದರು. ಮೂರು ದಿನ ಎಂದು ಅವರಿಗೆ ಹೇಗೆ ಗೊತ್ತಾಯಿತೋ. ಬಹುಶಃ ನನ್ನ ಮುಖವೇ ಹೇಳಿರಬೇಕು.

ಮರುದಿನ ಮೇಡಂನಿಂದ ವಿಷಯ ತಿಳಿದು ಎಚ್.ಓ.ಡಿ. ಸಾರ್ ನನ್ನನ್ನು ಕೋಣೆಗೆ ಕರೆದರು. ಅಷ್ಟು ವರ್ಷದಲ್ಲಿ ಆ ಕೋಣೆಯಲ್ಲಿ ನಾನು ಕೂತಿರಲಿಲ್ಲ. ಅವರು ಕುರ್ಚಿ ತೋರಿಸಿದರು. ಕೂರಲೋ ಬೇಡವೋ ಎಂದು ತುದಿಯಲ್ಲಿ ಕೂತೆ.

"ಒಂದು ಗಂಟೆ ಅಂತ ಬೆಳಿಗ್ಗೇನೇ ಬರೆದಿಡೋದು ಯಾರು ಹೇಳಿಕೊಟ್ರು?"

ನಾನು ರಂಗಸ್ವಾಮಿಯವರ ಹೆಸರು ಹೇಳಲಿಲ್ಲ. "ನನ್ನ ಅಭ್ಯಾಸ ಸಾರ್" ಎಂದೆ.

"ಕೆಟ್ಟ ಅಭ್ಯಾಸ."

"ಹೌದು ಸಾರ್."

ಅವರು ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕುತ್ತಿದ್ದರು. ನಂತರ, "ನಾನು ಆ ಪುಟಗಳನ್ನ ತೆಗೆದುಬಿಡಿ ಅಂದಿದ್ದೆ. ಅದೂ ಅಷ್ಟೇ ಕೆಟ್ಟದ್ದು. ಹೋಗಿ, ಕೆಲಸ ನೋಡಿ" ಎಂದರು. ನಾನು ಹೊರಗೆ ಬಂದು ನೇರವಾಗಿ ಲ್ಯಾಬಿಗೆ ಹೋದೆ. ಕೆಲಸ ಉಳಿಯಿತು.

ಎಲ್ಲವೂ ಸುಲಭವಾಗಿ ಮುಗಿಯಲಿಲ್ಲ. ಇಪ್ಪತ್ತು ನಿಮಿಷ ಎನ್ನುವುದು ನನ್ನ ಅಂದಾಜು. ಗಡಿಯಾರ ನೋಡಿ ಬರೆದದ್ದಲ್ಲ. ಆದ್ದರಿಂದ ಹಳೆಯ ಏಕಾದಶಿಯ ಪುಟಗಳು ಯಾವುದೂ ಲೆಕ್ಕಕ್ಕೆ ಬರಲಿಲ್ಲ. ಉಳಿದ ದಿನಗಳದ್ದನ್ನೂ ಹಾಗೆಯೇ ನಂಬುವಂತಿರಲಿಲ್ಲ. ಎಲ್ಲ ಮತ್ತೆ ಮಾಡಿದೆವು. ಮೇಡಂ ಕಮಿಟಿಯ ಮುಂದೆ ಆರು ತಿಂಗಳು ಹೆಚ್ಚಿಗೆ ಕೇಳಿಕೊಂಡರು. ಆ ಆರು ತಿಂಗಳು ಮಗಳಿಂದ ದೂರ ಇರಬೇಕಾದದ್ದು ನನ್ನಿಂದ. ಅದನ್ನು ನಾನು ಮರೆತಿಲ್ಲ.

ಆದರೆ ಒಂದು ವಿಷಯ ನಾನು ನಿರೀಕ್ಷಿಸಿರಲಿಲ್ಲ. ಮನೆಯಿಂದ ನಿಮ್ಮಮ್ಮನ ಅಲಾರಂ ಗಡಿಯಾರ ತಂದು ಮೇಜಿನ ಮೇಲೆ ಇಟ್ಟಿದ್ದೆ, ಇನ್ನು ಮೇಲೆ ಸರಿಯಾಗಿ ಒಂದು ಗಂಟೆ ಕಾಯುತ್ತೇನೆ ಎಂದು. ಮೇಡಂ ತಲೆಯಾಡಿಸಿದರು.

"ಒಂದ ಗಂಟೆ ಅಷ್ಟ ಬ್ಯಾಡ್ರಿ. ಎಲ್ಲಾ ದಿನಾ ಒಂದ ಗಂಟೆ ಬಿಟ್ಟು ನೋಡಿದ್ರ, ಬಾಗಲದಾಗಿನ ಮಂದಿ ಎಷ್ಟು ಬೇಗ ಒಳಗ ಸರದ್ರು ಅಂತ ಹೆಂಗ ಗೊತ್ತಾಗ್ಬೇಕು? ನಡುವ ನಡುವ ನೋಡ್ಬೇಕು. ಇಪ್ಪತ್ತು ನಿಮಿಷದ್ದೂ ಬೇಕು, ಒಂದು ಗಂಟೇದೂ ಬೇಕು, ಮೂರು ಗಂಟೇದೂ ಬೇಕು. ನನಗ ಇದು ಮೊದ್ಲ ಹೊಳೀಬೇಕಿತ್ತು. ನಿಮ್ಮ ಬಾಳೆಹಣ್ಣು ಹೊಳೆಯಂಗ ಮಾಡ್ತು."

ನಿಧಾನ ಕೊಂಬೆಯ ಅಳತೆ ಹಾಗೆ ಸಿಕ್ಕಿತು. ಮೊದಲಿನ ಗೆರೆ ಒಂದು ಗಂಟೆಯ ವಿಶ್ರಾಂತಿಗೆ ಮಾತ್ರ ಸರಿಯಿತ್ತಂತೆ. ಹೊಸ ಗೆರೆ ಎಷ್ಟು ಹೊತ್ತು ಬಿಟ್ಟರೂ ಚುಕ್ಕಿಗಳ ಮೇಲೆ ಹಾದುಹೋಯಿತು. ಇಪ್ಪತ್ತು ನಿಮಿಷದ ಗೆರೆಗೆ ಮೇಡಂ ತಮ್ಮ ಕಂಪ್ಯೂಟರಿನಲ್ಲಿ ಏಕಾದಶಿ ಎಂದೇ ಹೆಸರಿಟ್ಟರು. ಅವರ ನಂತರ ಬಂದ ಹುಡುಗ ಹುಡುಗಿಯರೂ ಕಾರಣ ತಿಳಿಯದೆ, "ಏಕಾದಶಿ ಕರ್ವ್ ತಗೊಂಡ್ರಾ ಜಯಮ್ಮ?" ಎಂದು ಕೇಳುತ್ತಿದ್ದರು. ನಾನು "ಹ್ಞೂಂ" ಎನ್ನುತ್ತಿದ್ದೆ.

ರಂಗಸ್ವಾಮಿಯವರಿಗೂ ವಿಷಯ ತಿಳಿಯಿತು. ಮುಂದಿನ ಏಕಾದಶಿಯ ದಿನ ನನ್ನ ಮೇಜಿನ ಮೇಲೆ ಒಂದು ಚಿಪ್ಪು ಏಲಕ್ಕಿ ಬಾಳೆಹಣ್ಣಿತ್ತು. "ಮರದ ಕೆಳಗೆ ಕೂತು ತಿನ್ನಬೇಡಮ್ಮ. ಇಲ್ಲೇ ತಿನ್ನು. ಟೈಂ ನೋಡ್ಕೊಂಡ್ ತಿನ್ನು" ಎಂದರು. ಅದು ಅವರು ಕ್ಷಮೆ ಕೇಳಿದ ರೀತಿ.

ಮೇಡಂ ಪಿಎಚ್.ಡಿ. ಮುಗಿಸಿ ಮಗಳನ್ನು ಬೆಂಗಳೂರಿಗೆ ಕರೆತಂದರು. ಕೆಲವು ವರ್ಷದ ನಂತರ ಲ್ಯಾಬಿಗೆ ತಾನೇ ಅಳೆದು ತಾನೇ ಬರೆದುಕೊಳ್ಳುವ ಯಂತ್ರ ಬಂತು. ಅದಕ್ಕೆ ಹಸಿವಿಲ್ಲ, ನಾಚಿಕೆಯೂ ಇಲ್ಲ. ಸೆಕೆಂಡು ಬಿಡದೆ ಬರೆಯುತ್ತಿತ್ತು. ಎಲ್ಲರೂ ನನಗೆ ಬೇಸರವಾಗಬಹುದು ಎಂದುಕೊಂಡಿದ್ದರು. ನಿಜ ಹೇಳಬೇಕೆಂದರೆ ಭಾರ ಇಳಿದ ಹಾಗಾಯಿತು. ಆದರೂ ಅದನ್ನು ಚಾಲೂ ಮಾಡಿದವರು ಯಾರು, ಎಷ್ಟು ಹೊತ್ತಿಗೆ, ಅಂದು ಸೆಕೆ ಎಷ್ಟಿತ್ತು ಎಂದು ಪಕ್ಕದಲ್ಲಿ ಒಂದು ಪುಸ್ತಕದಲ್ಲಿ ಬರೆಯುವುದನ್ನು ನಿವೃತ್ತಿಯಾಗುವವರೆಗೂ ಬಿಡಲಿಲ್ಲ. ಬೆಳಿಗ್ಗೆಯೇ ತುಂಬಿಡಲಿಲ್ಲ. ಆದಾಗ ಬರೆದೆ.

ನಿವೃತ್ತಿಯ ದಿನ ಮೇಡಂ ನನಗೆ ಆ ಹಳೆಯ ನೀಲಿ ರಟ್ಟಿನ ರಫ್ ಪುಸ್ತಕವನ್ನೇ ಕೊಟ್ಟರು. ವಿಶ್ರಾಂತಿಯ ಕಾಲಂನಲ್ಲಿ ನನ್ನ ದುಂಡನೆಯ ಅಕ್ಷರದಲ್ಲಿ ಸಾಲಾಗಿ ಒಂದು ಗಂಟೆ, ಒಂದು ಗಂಟೆ. ಏಕಾದಶಿಯ ಸಾಲುಗಳ ಮೇಲೆ ಮಾತ್ರ ಗೀಟು ಹಾಕಿ, ಪಕ್ಕದಲ್ಲಿ ನಾನೇ ಓರೆಕೋರೆಯಾಗಿ "ಗೊತ್ತಿಲ್ಲ" ಎಂದು ಬರೆದಿದ್ದೇನೆ. ಇಡೀ ಪುಸ್ತಕದಲ್ಲಿ ನೋಡಲು ಕೆಟ್ಟದಾಗಿರುವುದು ಆ ಸಾಲುಗಳೇ. ನಾನು ಆಗಾಗ ತೆಗೆದು ನೋಡುವುದೂ ಅವನ್ನೇ.

ಅದು ಬೀರುವಿನ ಕೆಳಗಿನ ಅರೆಯಲ್ಲಿ ನಿಮ್ಮ ತಾತನ ಟೆಸ್ಟರ್ ಜೊತೆ ಇದೆ. ಈ ಹಾಳೆಗಳನ್ನೂ ಅದರೊಳಗೆ ಇಟ್ಟು ಜೋಪಾನ ಮಾಡಿ. ಇವುಗಳಲ್ಲಿ ಕಾಟು ಹೊಡೆದದ್ದಿದೆ, ಒಂದೆರಡು ಕಡೆ ಶಾಯಿ ಹರಡಿದೆ. ಮೇಘನಾ, ನಿನ್ನ ಅಕ್ಷರ ಚೆನ್ನಾಗಿದೆ ಎಂದು ಇವನ್ನು ಫೇರ್ ಮಾಡಲು ಹೋಗಬೇಡ. ಹೀಗೇ ಇರಲಿ.